ಪ್ರೈಸ್ ಪಾದ್ರಿಯ ಎರಡು ಲೆಕ್ಕಗಳು

ಲಂಡನ್ನಿನ ಸಮೀಪದ ನ್ಯೂಯಿಂಗ್ಟನ್ ಗ್ರೀನಿನಲ್ಲಿ ಪಾದ್ರಿಯಾಗಿದ್ದ ರಿಚರ್ಡ್ ಪ್ರೈಸನು, 1761ರಲ್ಲಿ ಕಾಲವಾದ ತನ್ನ ಮಿತ್ರ ಥಾಮಸ್ ಬೇಯ್ಸನ ಕಾಗದಪತ್ರಗಳ ನಡುವೆ ದೊರೆತ ಪ್ರಬಂಧವೊಂದನ್ನು ತಿದ್ದಿ, ಪೂರೈಸಿ, 1763ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದಿಡದೆ ಹೋಗಿದ್ದರೆ, ಇಂದು ವಿಶ್ವಸಂಸ್ಥೆಯು ಲೋಕದ ಜನಸಂಖ್ಯೆಯನ್ನು ಕುರಿತು ಹೇಳುವ ಭವಿಷ್ಯಕ್ಕೆ ಆಧಾರವಾದ ತತ್ತ್ವವು ಬಹುಶಃ ಬೇರೊಬ್ಬನ ಹೆಸರಿನಿಂದ ಪ್ರಸಿದ್ಧವಾಗುತ್ತಿತ್ತು. ಮೇಜಿನ ಮೇಲೆ ಉರುಳಿಬಿಟ್ಟ ಚೆಂಡು ಎಲ್ಲಿ ನಿಂತಿತೆಂಬುದನ್ನು ಕಾಣದವನಿಗೆ, ಬಳಿಕ ಉರುಳಿಸಿದ ಒಂದೊಂದು ಚೆಂಡೂ ಅದರ ಎಡಕ್ಕೆ ನಿಂತಿತೋ ಬಲಕ್ಕೆ ನಿಂತಿತೋ ಎಂಬುದನ್ನಷ್ಟೆ ತಿಳಿಸುತ್ತ ಹೋದರೆ, ಅವನ ಊಹೆಯು ಹಂತಹಂತವಾಗಿ ತಿದ್ದಿಕೊಳ್ಳುತ್ತ ಸತ್ಯಕ್ಕೆ ಸಮೀಪಿಸುವುದೆಂಬುದೂ, ಆದರೂ ಸಂಶಯವು ನಿಶ್ಶೇಷವಾಗಿ ಅಳಿಯದೆಂಬುದೂ ಆ ಪ್ರಬಂಧದ ಸಾರ.

ಸಂಶಯವನ್ನು ಅಳೆಯುವ ಈ ವಿದ್ಯೆಯನ್ನು ಲೋಕಕ್ಕೆ ಒಪ್ಪಿಸಿದ ಪ್ರೈಸನೇ, ಜನರನ್ನು ಎಣಿಸಹೊರಟಾಗ ನಿಸ್ಸಂಶಯವಾಗಿ ಮಾತನಾಡಿ ತಪ್ಪಿದನು. ಒಲೆಗಳ ಮೇಲಿನ ಹಳೆಯ ತೆರಿಗೆಯ ಕಡತಗಳನ್ನು ಕಿಟಕಿಗಳ ಮೇಲಿನ ಹೊಸ ತೆರಿಗೆಯ ಕಡತಗಳೊಡನೆ ಹೋಲಿಸಿ, 1688ರ ಕ್ರಾಂತಿಯಿಂದೀಚೆಗೆ ಇಂಗ್ಲೆಂಡಿನ ಜನಸಂಖ್ಯೆಯು ಕ್ಷೀಣಿಸಿತೆಂದು ಅವನು ಸಾರಿದನು. ಆದರೆ 1801ರ ಪ್ರಥಮ ಜನಗಣತಿಯಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಸುಮಾರು 89 ಲಕ್ಷ ಜನರು ಲೆಕ್ಕಕ್ಕೆ ಸಿಕ್ಕಿ, ಜನಸಂಖ್ಯೆಯು ಕ್ಷೀಣಿಸದೆ ಬೆಳೆದಿತ್ತೆಂಬುದು ತಿಳಿಯಿತು. ನಾರ್ತ್ಯಾಂಪ್ಟನ್ ಪಟ್ಟಣದ ಚರ್ಚಿನ ದಾಖಲೆಗಳಿಂದ ಅವನು ರಚಿಸಿದ ಆಯುಷ್ಯದ ಪಟ್ಟಿಯ ಗತಿಯೂ ಇದೇ: ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸದ ಬ್ಯಾಪ್ಟಿಸ್ಟರು ಆ ಊರಿನಲ್ಲಿ ಬಹುಮಂದಿ ಇದ್ದುದರಿಂದ ಜನನಗಳು ಕಡಮೆಯಾಗಿ ಕಂಡು, ಮನುಷ್ಯಾಯುಷ್ಯವು ಇದ್ದುದಕ್ಕಿಂತ ಅಲ್ಪವಾಗಿ ತೋರಿತು; 1808ರಿಂದ ಆ ಪಟ್ಟಿಯನ್ನು ನಂಬಿ ವರ್ಷಾಶನಗಳನ್ನು ಮಾರಿದ ಬ್ರಿಟಿಷ್ ಬೊಕ್ಕಸವು, ಬೇಗ ಸಾಯುವರೆಂದು ಎಣಿಸಿದವರು ಬಾಳುತ್ತಲೇ ಹೋದುದರಿಂದ, ಭಾರಿ ನಷ್ಟಕ್ಕೆ ಗುರಿಯಾಯಿತು.

ಒಬ್ಬನ ಕೈಯಲ್ಲೇ ಇದ್ದ ಈ ಎರಡು ವಿದ್ಯೆಗಳು ಒಂದಾಗಲು ಎರಡೂವರೆ ಶತಮಾನಗಳು ಹಿಡಿದುವು. 2000ದಲ್ಲಿ ಲೋಕದ ಜನಸಂಖ್ಯೆ 330 ಕೋಟಿಯಾದೀತೆಂದು 1945ರಲ್ಲಿ ಜನಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ನೋಟ್‌ಸ್ಟೈನ್ ಗಣಿಸಿದ್ದರು. ಆದದ್ದು 600 ಕೋಟಿಗೂ ಮಿಗಿಲು. ಅನಂತರ ವಿಶ್ವಸಂಸ್ಥೆಯು ಉಚ್ಚ, ಮಧ್ಯಮ, ನಿಮ್ನವೆಂಬ ಮೂರು ಅಂದಾಜುಗಳನ್ನು ಪ್ರಕಟಿಸತೊಡಗಿತು. ಆದರೆ ತಾಯಿಯೊಬ್ಬಳಿಗೆ ಅರ್ಧ ಮಗು ಹೆಚ್ಚು, ಅರ್ಧ ಮಗು ಕಡಮೆಯೆಂದು ಎಲ್ಲ ದೇಶಗಳಿಗೂ ಒಂದೇ ಅಳತೆ ಹಿಡಿಯುವ ಆ ಕ್ರಮದಲ್ಲಿ, ಯಾವುದು ಎಷ್ಟರಮಟ್ಟಿಗೆ ಸಂಭವವೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಆ ಉತ್ತರವನ್ನು ಸಿಯಾಟಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಏಡ್ರಿಯನ್ ರಾಫ್ಟರಿ ಮತ್ತು ಸಂಗಡಿಗರು ಬೇಯ್ಸನ ಮಾರ್ಗದಿಂದ ಕಂಡುಕೊಂಡರು. 1950ರಿಂದೀಚೆಗೆ ಪ್ರತಿಯೊಂದು ದೇಶದಲ್ಲಿಯೂ ಜನನಪ್ರಮಾಣವು ಇಳಿದು ಬಂದ ವೇಗವನ್ನು ನೋಡಿ, ಅಂಕಿಅಂಶಗಳು ವಿರಳವಾದ ದೇಶಕ್ಕೆ ಉಳಿದ ದೇಶಗಳ ಅನುಭವವನ್ನು ಊರುಗೋಲಾಗಿ ಕೊಟ್ಟು, ಸಹಸ್ರಾರು ಭವಿಷ್ಯಗಳನ್ನು ಗಣಕಯಂತ್ರದಲ್ಲಿ ಹೆಣೆದು, ಅವು ಎಷ್ಟು ವಿಸ್ತಾರಕ್ಕೆ ಹರಡುವುವೆಂಬುದನ್ನೇ ಫಲಿತಾಂಶವೆಂದು ಅವರು ಮುಂದಿಟ್ಟರು: 2014ರ ಅವರ ಲೇಖನದಂತೆ 2100ರ ಜನಸಂಖ್ಯೆಯು 960 ಕೋಟಿಗೂ 1,230 ಕೋಟಿಗೂ ನಡುವೆ ಇರುವ ಸಂಭವ ನೂರಕ್ಕೆ 80.

ಈ ಶತಮಾನದಲ್ಲಿಯೇ ಏರಿಕೆ ನಿಲ್ಲುವ ಸಂಭವವು ನೂರಕ್ಕೆ 30 ಮಾತ್ರವೆಂದು ಆಗ ಹೇಳಿದ್ದರೆ, ಅದೇ ಮಾರ್ಗವನ್ನು ಹಿಡಿದ ವಿಶ್ವಸಂಸ್ಥೆಯ 2024ರ ವರದಿಯು ಅದನ್ನು 80ಕ್ಕೆ ಏರಿಸಿತು. ಹತ್ತು ವರ್ಷಗಳಲ್ಲಿ ಇಷ್ಟು ಬದಲಾಗುವ ಮಾತನ್ನು ನಂಬುವುದೆಂತು ಎಂದು ಕೇಳಬಹುದು. ಚೀನ ಮೊದಲಾದ ದೇಶಗಳಲ್ಲಿ ಜನನಗಳು ನಿರೀಕ್ಷೆಗಿಂತ ಕೆಳಗಿಳಿದುದು ಕಂಡಮೇಲೂ ಹಳೆಯ ಸಂಖ್ಯೆಯನ್ನೇ ಹಿಡಿದು ಕುಳಿತಿದ್ದರೆ, ಅದು ಪ್ರೈಸನ ಕಿಟಕಿ ತೆರಿಗೆಯ ಲೆಕ್ಕವಾಗುತ್ತಿತ್ತೇ ಹೊರತು ಬೇಯ್ಸನ ಲೆಕ್ಕವಾಗುತ್ತಿರಲಿಲ್ಲ.