ಹಲ್ಲು, ಬಸ್ಸು, ದಿನಗೂಲಿ: ಬೆಳಗಾವಿ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ದಂತ ಚಿಕಿತ್ಸೆಯ ವೆಚ್ಚ

ಹಲ್ಲಿನ ದವಾಖಾನೆಯಲ್ಲಿ "ಎಷ್ಟ ರೊಕ್ಕ ಆಗ್ತದ್ರಿ?" ಎಂದು ಕೇಳಿದ ಬೆನ್ನಿಗೇ ಬರುವ ಪ್ರಶ್ನೆ "ಎಷ್ಟ ಸಲ ಬರಬೇಕ್ರಿ?" ದಂತ ಚಿಕಿತ್ಸೆಯ ವೆಚ್ಚ ಕುರಿತ ಚರ್ಚೆ ಸಾಮಾನ್ಯವಾಗಿ ಮೊದಲ ಪ್ರಶ್ನೆಗೇ ನಿಂತುಬಿಡುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿಗಳಲ್ಲಿ ಹಲ್ಲು ಉಳಿಯುವುದೋ ಹೋಗುವುದೋ ಎಂಬುದು ಹೆಚ್ಚಾಗಿ ಎರಡನೆಯದರ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಈ ಭಾಗಕ್ಕೆ ದಂತ ಕಾಲೇಜುಗಳ ಕೊರತೆಯಿಲ್ಲ. ಬೆಳಗಾವಿಯಲ್ಲಿ ಕೆಎಲ್ಇ ಮತ್ತು ಮರಾಠಾ ಮಂಡಳ ಸಂಸ್ಥೆಗಳವು, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಕಾಲೇಜು ಇವೆ. ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಎರಡೂ ಊರು ಹತ್ತಿರ; ಬೈಲಹೊಂಗಲದವರು ಬೆಳಗಾವಿಗೆ, ಸವದತ್ತಿಯವರು ಧಾರವಾಡಕ್ಕೆ ಹೋಗಿ ಸಂಜೆಗೆ ಮರಳಬಹುದು. ರಾಮದುರ್ಗದ ಪಾಡು ಬೇರೆ. ಜಿಲ್ಲಾ ಕೇಂದ್ರವೇ ಸುಮಾರು ನೂರು ಕಿಲೋಮೀಟರ್ ದೂರ. ಕಾಲೇಜಿನಲ್ಲಿ ದರ ಕಡಿಮೆ ನಿಜ, ಆದರೆ ಕೆಲಸ ಮಾಡುವುದು ವಿದ್ಯಾರ್ಥಿ; ಪ್ರತಿ ಹಂತವನ್ನೂ ಗುರುಗಳು ನೋಡಿ ಒಪ್ಪಬೇಕು. ಹಣದಲ್ಲಿ ಉಳಿದದ್ದು ಹೊತ್ತಿನಲ್ಲಿ ಹೋಗುತ್ತದೆ.

ಹುಳುಕಿನ ಹಾದಿಯನ್ನೂ ನೋಡಬೇಕು. ಮೇಲ್ಪದರದಲ್ಲಿ ಕಪ್ಪು ಚುಕ್ಕೆಯಾಗಿದ್ದಾಗ ಸಿಮೆಂಟ್ ತುಂಬಿಸಿದರೆ ಒಂದೇ ಸಲಕ್ಕೆ ಮುಗಿಯಿತು. ಒಳಗಿನ ನರ ಮುಟ್ಟಿತೆಂದರೆ ರೂಟ್ ಕೆನಾಲ್, ಮೇಲೆ ಕ್ಯಾಪ್: ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಲ. ಕೀಳಿಸಿದರೆ ಮತ್ತೆ ಒಂದೇ ಸಲ. ಕಬ್ಬಿನ ಕಟಾವಿನ ಹಂಗಾಮಿನಲ್ಲಿ ಕೂಲಿಯವನು "ಕಿತ್ತ ಒಗೀರಿ" ಎನ್ನುವುದು ಅಜ್ಞಾನವಲ್ಲ, ಲೆಕ್ಕಾಚಾರ. ಆ ಲೆಕ್ಕದಲ್ಲಿ ಒಂದೇ ದೋಷ: ಕಿತ್ತ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುವುದು, ಮೇಲಿನ ಹಲ್ಲು ಇಳಿಯುವುದು, ಅಗಿಯಲು ಬಾರದಾಗುವುದು ಅದರಲ್ಲಿ ಹಿಡಿದಿಲ್ಲ.

ಇಡೀ ಹಾದಿಯಲ್ಲಿ ಅತ್ಯಂತ ದುಬಾರಿ ಗಳಿಗೆಯೆಂದರೆ ನೋವು ನಿಂತ ಗಳಿಗೆ. ರಾತ್ರಿಯಿಡೀ ದವಡೆಯಲ್ಲಿ ಲವಂಗ ಒತ್ತಿಟ್ಟುಕೊಂಡು, ಔಷಧಿ ಅಂಗಡಿಯ ಗುಳಿಗೆ ನುಂಗಿ ನಾಲ್ಕು ದಿನ ಕಳೆದ ಮೇಲೆ ಒಮ್ಮೆಲೇ ಹಗುರಾಗುತ್ತದೆ. "ಬ್ಯಾನಿ ನಿಂತದ, ಇನ್ನ್ಯಾಕ ಹೋಗೂದು?" ನಿಂತದ್ದು ನರ ಸತ್ತದ್ದರಿಂದ. ಕೆಲವು ತಿಂಗಳಲ್ಲಿ ಬೇರಿನ ತುದಿಯಲ್ಲಿ ಕೀವು ತುಂಬಿ ಗದ್ದ ಬಾತುಕೊಳ್ಳುತ್ತದೆ. (ಲವಂಗವನ್ನು ಹಳಿಯುತ್ತಿಲ್ಲ. ವೈದ್ಯರು ತಾತ್ಕಾಲಿಕವಾಗಿ ತುಂಬುವ ಸತುವಿನ ಸಿಮೆಂಟಿನಲ್ಲಿರುವುದೂ ಲವಂಗದೆಣ್ಣೆಯ ಯೂಜಿನಾಲ್, ವಾಸನೆಯಿಂದಲೇ ಗೊತ್ತಾಗುತ್ತದೆ.)

ಪುಕ್ಕಟೆ ಚಿಕಿತ್ಸೆಗೂ ಇದೇ ಅಳತೆಗೋಲು ಹಿಡಿಯೋಣ. ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ ಹಲ್ಲಿನ ಸೆಟ್ಟು ಕೊಡುವ ರಾಜ್ಯದ ದಂತ ಭಾಗ್ಯ ಯೋಜನೆಯ ವಯೋಮಿತಿ ಮೊದಲು 60 ಇತ್ತು, ಆಮೇಲೆ 45ಕ್ಕೆ ಇಳಿಯಿತು. ಸೆಟ್ಟು ಕಟ್ಟುವುದು ದಂತ ಕಾಲೇಜುಗಳಲ್ಲಿ. ಮೊದಲ ಅಚ್ಚು, ಎರಡನೆಯ ಅಚ್ಚು, ದವಡೆಗಳ ಹೊಂದಾಣಿಕೆ, ಮೇಣದ ಮೇಲೆ ಹಲ್ಲು ಕೂರಿಸಿ ನೋಡುವುದು, ಕೊನೆಗೆ ತೊಡಿಸುವುದು: ಐದು ಸಲವಂತೂ ಹೋಗಲೇಬೇಕು. ಒಸಡು ಉಜ್ಜಿ ಹುಣ್ಣಾದರೆ ಆರನೆಯದು. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ರಾಮದುರ್ಗದ ಹಳ್ಳಿಯೊಂದರ ಅಜ್ಜನನ್ನು ಮಗ ಐದು ಸಲ ಕರೆದೊಯ್ದರೆ ಕೂಲಿಯಲ್ಲೇ 1,850 ರೂಪಾಯಿ ಹೋಯಿತು. ಬಸ್ ಚಾರ್ಜು, ಚಹಾ, ಊಟ ಬೇರೆ. ಅಜ್ಜನಿಗೆ ಟಿಕೆಟ್ಟಿನಲ್ಲಿ ಶೇ. 25 ರಿಯಾಯಿತಿ ಇದೆ, ಮಗನಿಗಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಸೊಸೆ ಜೊತೆಗೆ ಹೋದರೆ ಅಷ್ಟು ಉಳಿಯಿತು. ಆದರೆ ಅವಳ ಕೂಲಿಯೂ ಹೋದದ್ದೇ.

ವಿಮೆಯ ಬಲ ಇಲ್ಲಿ ಕಡಿಮೆ. 2018ರ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದ್ದರೂ ಅದರ ಗುರಿ ಒಳರೋಗಿಗಳ ದೊಡ್ಡ ಚಿಕಿತ್ಸೆ. ತಂಬಾಕು ಅಗಿದು ಬಾಯಿ ಕ್ಯಾನ್ಸರ್ ಆದವನ ಶಸ್ತ್ರಚಿಕಿತ್ಸೆ ಅದರೊಳಗೆ ಬರುತ್ತದೆ. ಅವನ ಗಲ್ಲದ ಬಿಳಿ ಮಚ್ಚೆಯನ್ನು ಮೊದಲೇ ಕಾಣಬಹುದಾಗಿದ್ದ ಹೊರರೋಗಿ ತಪಾಸಣೆ, ಹಲ್ಲು ತುಂಬಿಸುವುದು ಬರುವುದಿಲ್ಲ.

ಹಾಗಾದರೆ ಒಂದೇ ಸಲದಲ್ಲಿ ಹಲ್ಲು ಉಳಿಸುವ ದಾರಿ ಇದೆಯೇ? ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಫ್ಲೋರೈಡ್ ಟೂತ್‌ಪೇಸ್ಟ್, ಸಿಲ್ವರ್ ಡೈಅಮೈನ್ ಫ್ಲೋರೈಡ್, ಗ್ಲಾಸ್ ಅಯೊನೊಮರ್ ಸಿಮೆಂಟ್ ಸೇರಿಸಿತು. ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದ ಕೆರೆದು ಈ ಸಿಮೆಂಟು ತುಂಬುವ ಪದ್ಧತಿ 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ರೂಪುಗೊಂಡದ್ದು. ಡ್ರಿಲ್ ಬೇಡ, ಕರೆಂಟು ಬೇಡ, ಶಾಲೆಯ ಬೆಂಚು ಸಾಕು. ಸಿಲ್ವರ್ ದ್ರವದ ಒಂದು ಹನಿ ಹಚ್ಚಿದರೆ ಹುಳುಕು ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ, ಆದರೆ ಹಲ್ಲು ಕರ್ರಗಾಗುತ್ತದೆ. ಮಗಳ ಮುಂದಿನ ಹಲ್ಲಿಗೆ ತಾಯಿ ಒಪ್ಪಲಾರಳು. ಹಿಂದಿನ ಹಾಲುಹಲ್ಲಿಗೆ ತಕರಾರು ಬರಲಿಕ್ಕಿಲ್ಲ. ಟೂತ್‌ಪೇಸ್ಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ 5ಕ್ಕೆ ಇಳಿದಿದೆ. ಹಲ್ಲುಪುಡಿಯದು 12ರಿಂದ 5ಕ್ಕೆ ಬಂದಿರುವುದರಿಂದ ತೆರಿಗೆಯಲ್ಲಿ ಪುಡಿಗಿದ್ದ ಅನುಕೂಲ ಈಗಿಲ್ಲ.

ಸೆಟ್ಟಿನ ವಿಷಯದಲ್ಲಿ ರೋಗಿಯ ಬದಲು ಕಾಲೇಜೇ ಓಡಾಡಬೇಕು. ಐದರಲ್ಲಿ ಮೊದಲ ಎರಡು ಅಚ್ಚನ್ನು ತಾಲೂಕು ಆಸ್ಪತ್ರೆಯಲ್ಲೇ ಗೊತ್ತಾದ ದಿನ ತೆಗೆದರೆ ಅಜ್ಜನಿಗೆ ಬೆಳಗಾವಿಯ ದಾರಿ ಮೂರು ಸಲಕ್ಕೆ ಇಳಿಯುತ್ತದೆ.

ಖಾಸಗಿ ದವಾಖಾನೆಗಳು ದರಪಟ್ಟಿ ತೂಗುಹಾಕಬೇಕೆಂದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಕ್ಯಾಪ್ ಸೇರಿಸಿಯೋ ಬಿಟ್ಟೋ ಎಂದು ಹೇಳದೆ "ರೂಟ್ ಕೆನಾಲ್" ಎಂದಷ್ಟೇ ಬರೆದರೆ ಆ ಪಟ್ಟಿ ಅರ್ಧ ಮಾತ್ರ. ರೂಪಾಯಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು "ಎಷ್ಟು ಸಲ" ಎಂದು ಬರೆಯಲು ಸುಣ್ಣದ ಗೋಡೆಯಲ್ಲಿ ಜಾಗವಿದ್ದೇ ಇರುತ್ತದೆ.