ಅಶ್ವಶಕ್ತಿಯ ಬೆಲೆ

(ನಮ್ಮ ಕೂಟದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕುದುರೆ ಕೊಂಡವನು ಹುರುಳಿಗೂ ಹಣ ತೆಗೆದಿರಿಸಬೇಕು. ಎಂಜಿನ್ನಿನ ಬಲವನ್ನು ಇಂದಿಗೂ ಅಶ್ವಶಕ್ತಿಯಲ್ಲಿ ಅಳೆಯುವ ನಾವು ಹುರುಳಿಯ ಲೆಕ್ಕವನ್ನು ಮಾತ್ರ ಮರೆಯುತ್ತೇವೆ. ಪೆಟ್ರೋಲು, ವಿದ್ಯುತ್ತು ಎರಡನ್ನೂ ಬಳಸುವ ಹೈಬ್ರಿಡ್ ಕಾರಿನ ಚರಿತ್ರೆ ಒಂದರ್ಥದಲ್ಲಿ ಈ ಲೆಕ್ಕದ ಚರಿತ್ರೆಯೇ ಆಗಿದೆ.

ಹೈಬ್ರಿಡ್ ಎಂಬುದು ನಮ್ಮ ಕಾಲದ ಸೃಷ್ಟಿಯಲ್ಲ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ವಿಯೆನ್ನಾದ ಸಾರೋಟು ತಯಾರಕರಾದ ಲೋನರ್ ಸಂಸ್ಥೆಯವರು ವಿದ್ಯುತ್ ಕಾರೊಂದನ್ನು ಪ್ರದರ್ಶಿಸಿದರು. ಅದನ್ನು ರೂಪಿಸಿದವನು ಇಪ್ಪತ್ತನಾಲ್ಕರ ತರುಣ ಫರ್ಡಿನಾಂಡ್ ಪೋರ್ಷೆ. ಚಕ್ರದ ಗುಂಬದೊಳಗೇ ಮೋಟಾರನ್ನು ಅಳವಡಿಸಿದ್ದು ಅವನ ಹೆಗ್ಗಳಿಕೆ. ನಾವಿರುವ ಈ ಇಂಗ್ಲೆಂಡಿನಿಂದಲೇ, ಲೂಟನ್ನಿನ ಇ. ಡಬ್ಲ್ಯೂ. ಹಾರ್ಟ್ ಎಂಬುವರು ನಾಲ್ಕು ಚಕ್ರಗಳಿಗೂ ಮೋಟಾರುಳ್ಳ ಕಾರನ್ನು ತಮಗಾಗಿ ಮಾಡಿಸಿಕೊಂಡರು. ಅದರ ಬ್ಯಾಟರಿಯ ತೂಕವೇ 1,800 ಕಿಲೋಗ್ರಾಂ! ಬಲ ಹೆಚ್ಚಿದಂತೆ ಬ್ಯಾಟರಿ ಹೆಚ್ಚಬೇಕು. ಬ್ಯಾಟರಿ ಹೆಚ್ಚಿದರೆ ಅದನ್ನು ಹೊರಲು ಮತ್ತಷ್ಟು ಬಲ ಬೇಕು.

ಈ ವಿಷವರ್ತುಲದಿಂದ ಹೊರಬರಲು ಪೋರ್ಷೆ ಎರಡು ಪುಟ್ಟ ಪೆಟ್ರೋಲ್ ಎಂಜಿನ್ನುಗಳಿಂದ ಕಾರಿನಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿದನು. ಆ ಕಾರಿಗೆ 'ಸೆಂಪರ್ ವೀವುಸ್', ಅಂದರೆ 'ಸದಾ ಜೀವಂತ' ಎಂದು ಹೆಸರಾಯಿತು. 1901ರಲ್ಲಿ ಅದರ ಸುಧಾರಿತ ರೂಪವಾದ 'ಮಿಕ್ಸ್ಟೆ' ಬಂದಿತು. ಆದರೆ ಒಂದು ಕಾರಿನಲ್ಲಿ ಎರಡು ಬಗೆಯ ಯಂತ್ರಗಳೆಂದರೆ ಖರೀದಿಯಲ್ಲಿಯೂ ಹೆಚ್ಚು ವೆಚ್ಚ, ರಿಪೇರಿಯಲ್ಲಿಯೂ ಹೆಚ್ಚು ವೆಚ್ಚ. ಕೊಂಡವರು ಕೆಲವೇ ಮಂದಿ. 1906ರಲ್ಲಿ ಪೋರ್ಷೆ ಲೋನರ್ ಸಂಸ್ಥೆಯನ್ನು ಬಿಟ್ಟನು. ಪೆಟ್ರೋಲ್ ಕಾರು ಅಗ್ಗವಾಗುತ್ತಾ ಸಾಗಿದಂತೆ ಹೈಬ್ರಿಡ್ ಮೂಲೆ ಸೇರಿತು.

1997ರಲ್ಲಿ ಜಪಾನಿನ ಟೊಯೋಟಾ ಅದನ್ನು 'ಪ್ರಿಯಸ್' ರೂಪದಲ್ಲಿ ಸಂಸಾರವಂದಿಗರ ಕಾರಾಗಿಸಿತು. ಅಲ್ಲಿ ಗುರಿ ಮಿತವ್ಯಯ. ಅತಿಶಕ್ತಿಯ ಹಾದಿಯನ್ನು ಹಿಡಿದವರು ಪಂದ್ಯದ ಕಾರಿನವರು. 2014ರಲ್ಲಿ ಫಾರ್ಮುಲಾ ಒನ್ ಪಂದ್ಯಗಳಿಗೆ 1.6 ಲೀಟರಿನ ಹೈಬ್ರಿಡ್ ಎಂಜಿನ್ ಕಡ್ಡಾಯವಾಯಿತು. ಅದರಲ್ಲಿ ಎರಡು ವಿದ್ಯುತ್ ಯಂತ್ರಗಳು: ಒಂದು ಬ್ರೇಕಿನ ವೇಳೆ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು 120 ಕಿಲೋವಾಟ್‌ವರೆಗೆ ಹಿಂದಿರುಗಿಸುತ್ತಿತ್ತು, ಇನ್ನೊಂದು ಟರ್ಬೋದ ದಂಡಕ್ಕೆ ಜೋಡಿಸಲ್ಪಟ್ಟು, ಹೊಗೆಯ ಶಾಖದಿಂದಲೂ ವಿದ್ಯುತ್ತನ್ನು ಪಡೆಯುತ್ತಿತ್ತು. 2017ರಲ್ಲಿ ಮರ್ಸಿಡಿಸ್‌ನವರು ಇಂಧನದ ಶಕ್ತಿಯಲ್ಲಿ ಶೇಕಡಾ 50ಕ್ಕೂ ಹೆಚ್ಚನ್ನು ಉಪಯುಕ್ತ ಬಲವಾಗಿಸಿದರೆಂದು ಪ್ರಕಟಿಸಿದರು. ಆ ಎಂಜಿನ್ ಸಿದ್ಧವಾದದ್ದು ಲೂಟನ್ನಿನಿಂದ ಹೆಚ್ಚು ದೂರವಿಲ್ಲದ ಬ್ರಿಕ್ಸ್‌ವರ್ತ್ ಎಂಬ ಹಳ್ಳಿಯಲ್ಲಿ.

ಅದನ್ನೇ ರಸ್ತೆಗಿಳಿಸುವ ಸಾಹಸವೂ ನಡೆಯಿತು. 'ಎಎಮ್‌ಜಿ ಒನ್' ಕಾರಿನ ಘೋಷಣೆಯಾದದ್ದು 2017ರಲ್ಲಿ. ತಯಾರಿಕೆ ಆರಂಭವಾದದ್ದು 2022ರಲ್ಲಿ. ನಿಂತಲ್ಲೇ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುವ ಎಂಜಿನ್ನನ್ನು ಸುಮಾರು 1,200 ಸುತ್ತಿಗೆ ಇಳಿಸಿ, ಹೊಗೆಯ ಕಾನೂನಿಗೂ ಒಗ್ಗಿಸುವುದು ಸುಲಭವಾಗಿರಲಿಲ್ಲ. ಬಲ 1,063 ಅಶ್ವಶಕ್ತಿ, ಸಂಖ್ಯೆ 275, ಬೆಲೆ ತೆರಿಗೆ ಬಿಟ್ಟು 22 ಲಕ್ಷ 75 ಸಾವಿರ ಯೂರೋ. ಅಷ್ಟು ತೆತ್ತ ಮೇಲೂ 50,000 ಕಿಲೋಮೀಟರಿಗೆ ಎಂಜಿನ್ನನ್ನು ಬಿಚ್ಚಿ ಕಟ್ಟಬೇಕು.

ಹಣವಿದ್ದ ಮಾತ್ರಕ್ಕೆ ಗೆಲುವು ಕೈಗೂಡುವುದಿಲ್ಲ. 2015ರಲ್ಲಿ ಪಂದ್ಯಗಳಿಗೆ ಹಿಂದಿರುಗಿದ ಹೋಂಡಾ, ಮೊದಲ ವರ್ಷಗಳಲ್ಲಿ ಮತ್ತೆ ಮತ್ತೆ ಕೆಡುವ ಎಂಜಿನ್ನುಗಳಿಂದ ನಗೆಪಾಟಲಾಯಿತು. 2021ರಲ್ಲಿ ಅದರ ಎಂಜಿನ್ ಚಾಲಕರ ವಿಶ್ವಪದವಿಯನ್ನು ಗೆದ್ದಿತು; ಅದೇ ವರ್ಷ ಸಂಸ್ಥೆ ಅಧಿಕೃತವಾಗಿ ಕಣದಿಂದ ಹೊರಗೆ ಸರಿಯಿತು. ಕಡೆಗೆ ಆಡಳಿತಗಾರರೇ 2023ರಿಂದ ಎಂಜಿನ್ ತಯಾರಕರ ವಾರ್ಷಿಕ ವೆಚ್ಚಕ್ಕೆ 9 ಕೋಟಿ 50 ಲಕ್ಷ ಡಾಲರುಗಳ ಮಿತಿ ಹಾಕಿದರು. 2026ರ ನಿಯಮಗಳಲ್ಲಿ ಶಾಖದಿಂದ ವಿದ್ಯುತ್ ಪಡೆಯುವ ಆ ಅದ್ಭುತ ಯಂತ್ರವನ್ನೇ ಕೈಬಿಟ್ಟರು. ಅದು ಹೊಸ ತಯಾರಕರಿಗೆ ನಿಲುಕದಷ್ಟು ದುಬಾರಿಯಾಗಿತ್ತು. ಆ ಬಳಿಕವೇ ಔಡಿ ಕಣಕ್ಕಿಳಿಯಲು ನಿರ್ಧರಿಸಿತು. ಹೋಂಡಾ ಸಹ ಹಿಂದಿರುಗಲು ಮನಸ್ಸು ಮಾಡಿತು.

ಹಾಗಾದರೆ ಸುರಿದ ಹಣವೆಲ್ಲ ಹೊಳೆಯಲ್ಲಿ ಹುಣಿಸೆ ತೊಳೆದಂತಾಯಿತೆ? ಪೂರ್ತಿ ಅಲ್ಲ. ಪಂದ್ಯದಲ್ಲಿ ಕಲಿತ ವಿದ್ಯುತ್ ಟರ್ಬೋ 2022ರ ಹೊತ್ತಿಗೆ ಮಾರಾಟದ ಕಾರುಗಳಲ್ಲಿ ಕಾಣಿಸಿಕೊಂಡಿತು. ಆದರೂ ಒಂದು ಮಾತನ್ನು ನಾವು ಮನಗಾಣಬೇಕು. 1,800 ಕಿಲೋ ಬ್ಯಾಟರಿಯ ಕಾಲದಿಂದ ಇಂದಿನವರೆಗೆ ಬಲಕ್ಕೆ ಮಿತಿ ಹಾಕಿದ್ದು ಬುದ್ಧಿಯ ಕೊರತೆಯಲ್ಲ, ಬೆಲೆ. ಎಂಜಿನಿಯರಿಂಗ್ ಓದಲು ಹೊರಟಿರುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡೋಣ: ಸಾವಿರ ಕುದುರೆಗಳನ್ನು ಕಟ್ಟಿದವನು ಜಾಣ, ಅವುಗಳ ಹುರುಳಿಯನ್ನು ನಾಲ್ಕು ಜನರ ಕೈಗೆಟುಕುವಂತೆ ಮಾಡಿದವನು ಇನ್ನೂ ಜಾಣ.