ವಿದ್ಯುತ್ ರೈಸ್ ಕುಕ್ಕರ್

ವಿದ್ಯುತ್ ರೈಸ್ ಕುಕ್ಕರ್ ಎಂಬುದು ಅಕ್ಕಿಯನ್ನು ಬೇಯಿಸಿ, ಅನ್ನವಾದೊಡನೆ ತಾನಾಗಿಯೇ ವಿದ್ಯುತ್ತನ್ನು ಕಡಿದುಕೊಳ್ಳುವ ಗೃಹೋಪಯೋಗಿ ಸಾಧನ. ಇಂತಹ ಸ್ವಯಂಚಾಲಿತ ಕುಕ್ಕರನ್ನು ಜಪಾನಿನ ತೋಷಿಬಾ ಕಂಪನಿಯು 1955ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. ಶೀಟಿ ಹೊಡೆಯುವ ಪ್ರೆಷರ್ ಕುಕ್ಕರಿಗೂ ಇದಕ್ಕೂ ತತ್ತ್ವದಲ್ಲಿ ಸಂಬಂಧವಿಲ್ಲ. ಇದರಲ್ಲಿ ಆವಿಯನ್ನು ಒತ್ತಡದಲ್ಲಿ ಹಿಡಿದಿಡುವುದಿಲ್ಲ.

ಹಿನ್ನೆಲೆ

ಜಪಾನಿನ ಮನೆಗಳಲ್ಲಿ ಅನ್ನವನ್ನು 'ಕಮಾದೊ' ಎಂಬ ಸೌದೆ ಒಲೆಯ ಮೇಲೆ ಮಾಡುತ್ತಿದ್ದರು. ನಮ್ಮಲ್ಲಿನಂತೆ ಗಂಜಿ ಬಸಿಯುವ ಪದ್ಧತಿ ಅದಲ್ಲ; ಅಳೆದು ಹಾಕಿದ ನೀರೆಲ್ಲವನ್ನೂ ಅಕ್ಕಿಯೇ ಹೀರಬೇಕು. ಆದ್ದರಿಂದ ಉರಿ ಹೆಚ್ಚಿದರೆ ತಳ ಹತ್ತುತ್ತಿತ್ತು, ತಗ್ಗಿದರೆ ಅನ್ನ ನುಚ್ಚಾಗುತ್ತಿತ್ತು. ಗೃಹಿಣಿಯರು ನಸುಕಿನಲ್ಲೇ ಎದ್ದು ಒಲೆ ಕಾಯಬೇಕಿತ್ತು. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಮಿತ್ಸುಬಿಷಿ ಕಂಪನಿ ಮತ್ತು ಮುಂದೆ ಸೋನಿ ಎಂದು ಹೆಸರಾದ ಸಂಸ್ಥೆ ವಿದ್ಯುತ್ ಪಾತ್ರೆಗಳನ್ನು ತಯಾರಿಸಿದವು. ಸೋನಿಯದು ಮರದ ಪಾತ್ರೆ. ಅದರ ಅನ್ನ ಒಮ್ಮೆ ಅರೆಬೆಂದರೆ ಇನ್ನೊಮ್ಮೆ ಮುದ್ದೆಯಾಗುತ್ತಿತ್ತು. ಉರಿಯ ಬದಲು ವಿದ್ಯುತ್ ಬಂದಿತೇ ಹೊರತು ಕಾವಲು ತಪ್ಪಲಿಲ್ಲ.

ವಿನ್ಯಾಸ

ತೋಷಿಬಾದ ಶೋಗೊ ಯಮಾದ ಈ ಕೆಲಸವನ್ನು ಸಣ್ಣ ಕಾರ್ಖಾನೆಯೊಂದರ ಮಾಲೀಕ ಯೋಶಿತಾದ ಮಿನಾಮಿ ಎಂಬುವರಿಗೆ ಒಪ್ಪಿಸಿದರು. ಮಿನಾಮಿಯವರಿಗೆ ಯಂತ್ರ ಗೊತ್ತಿತ್ತು, ಅನ್ನ ಮಾಡುವುದು ಗೊತ್ತಿರಲಿಲ್ಲ. ಅದನ್ನು ಅರಿತಿದ್ದವರು ಅವರ ಪತ್ನಿ ಫೂಮಿಕೊ. ಅವರು ಬಗೆಬಗೆಯ ಹವೆಯಲ್ಲಿ ಮತ್ತೆ ಮತ್ತೆ ಅನ್ನ ಮಾಡಿ, ತಾಪವನ್ನೂ ಸಮಯವನ್ನೂ ಗುರುತು ಹಾಕಿಕೊಂಡರು. ಕುದಿ ಬಂದ ಮೇಲೆ ಸುಮಾರು 20 ನಿಮಿಷ ಅದೇ ಬಿಸಿಯಲ್ಲಿಟ್ಟರೆ ಅಕ್ಕಿಯ ಪಿಷ್ಟ ಸರಿಯಾಗಿ ಬೇಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಈ ಸಾಧನದ ಮುಖ್ಯ ಶೋಧ ಇದೇ ಎನ್ನಬಹುದು. ಉಳಿದುದು ಇದನ್ನು ಲೋಹದಲ್ಲಿ ಹೇಳುವ ಬಗೆ.

ಆದರೆ ಕುದಿ ಬರುವ ಹೊತ್ತು ಅಕ್ಕಿಯ ಪ್ರಮಾಣಕ್ಕೂ ಹೊರಗಿನ ಚಳಿಗೂ ತಕ್ಕಂತೆ ಬದಲಾಗುತ್ತದೆ. ಗಡಿಯಾರ ಇಟ್ಟು ಪ್ರಯೋಜನವಿರಲಿಲ್ಲ. ಇದಕ್ಕೆ ದೊರೆತ ಪರಿಹಾರ ಪಾತ್ರೆಯೊಳಗೊಂದು ಪಾತ್ರೆ. ಒಳಪಾತ್ರೆಯಲ್ಲಿ ಅಕ್ಕಿ ಮತ್ತು ನೀರು. ಹೊರಪಾತ್ರೆಯಲ್ಲಿ ಸುಮಾರು 20 ನಿಮಿಷದಲ್ಲಿ ಆವಿಯಾಗುವಷ್ಟು, ಒಂದು ಲೋಟದ ನೀರು. ನೀರಿರುವವರೆಗೆ ತಾಪ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಅದು ಬತ್ತಿದೊಡನೆ ತಾಪ ಥಟ್ಟನೆ ಏರಿ, ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಾಗಿ ಸ್ವಿಚ್ಚನ್ನು ಆರಿಸುತ್ತದೆ. ಹೀಗೆ ನೀರೇ ಗಡಿಯಾರವಾಯಿತು. ಚಳಿ ಪ್ರದೇಶಗಳಲ್ಲಿ ಬಿಸಿ ಸೋರಿಹೋಗದಂತೆ ಹೊರಮೈಯನ್ನು ಪದರಗಳಾಗಿ ಮಾಡಿ, ನಡುವೆ ಗಾಳಿಗೆ ಎಡೆಬಿಡಲಾಯಿತು. ಈ ಕೆಲಸಕ್ಕೆ ಸುಮಾರು ಮೂರು ವರ್ಷ ಹಿಡಿಯಿತು.

ಮಾರಾಟ ಮತ್ತು ನಂತರದ ಬದಲಾವಣೆ

ಮೊದಲ ಮಾದರಿಯ ಬೆಲೆ 3,200 ಯೆನ್. ಅಂದಿಗೆ ಅದು ಸಣ್ಣ ಮೊತ್ತವಲ್ಲ. ಯಮಾದ ಹಳ್ಳಿಗಳಿಗೆ ಹೋಗಿ ಜನರೆದುರು ಅನ್ನ ಮಾಡಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಕುಕ್ಕರ್ ಜಪಾನಿನ ಅಡುಗೆಮನೆಗಳಲ್ಲಿ ನೆಲೆಯೂರಿತು.

ಇಂದಿನ ಸರಳ ಕುಕ್ಕರುಗಳಲ್ಲಿ ಹೊರಪಾತ್ರೆಯ ನೀರಿಲ್ಲ. ಒಳಪಾತ್ರೆ ನೇರವಾಗಿ ಕಾವಿನ ತಟ್ಟೆಯ ಮೇಲೆ ಕೂರುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿದ ಮೇಲೆ ತಳದ ತಾಪ 100 ಡಿಗ್ರಿಯನ್ನು ಮೀರುತ್ತದೆ. ಆಗ ಅಲ್ಲಿರುವ ವಿಶೇಷ ಲೋಹಮಿಶ್ರಣವೋ ಫೆರೈಟೋ ಕಾಂತಗುಣ ಕಳೆದುಕೊಂಡು, ಅಂಟಿಕೊಂಡಿದ್ದ ಅಯಸ್ಕಾಂತವನ್ನು ಬಿಟ್ಟುಬಿಡುತ್ತದೆ. ಸ್ವಿಚ್ಚಿನ ಗುಂಡಿ 'ಟಕ್' ಎಂದು ಮೇಲೇಳುವುದು ಆಗಲೇ.